ಎಷ್ಟು ಹನಿ?

ದಿಲ್ಯಾನಾ,
ನೀನು ಕಳಿಸಿದ ಬಿಳಿ ಕುಡಿಕೆ ತಲುಪಿತು.
ಹೊಟ್ಟೆಯಲ್ಲಿ ದೀಪ, ಬಾಯಲ್ಲಿ ಹಬೆ,
ಜೊತೆಗೆ ಬೆರಳುದ್ದದ ಆರು ಸೀಸೆ.
ಮಡಚಿಟ್ಟ ಸೂಚನೆಯ ಕಾಗದ ಬಿಚ್ಚಲಿಲ್ಲ.
ಕಾರ್ಲೊವೊದ ಭಟ್ಟಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ಗುಲಾಬಿ ಬೇಯಿಸಿದವಳಿಗೆ
ಪರಿಮಳದ ಪಾಠವೇ?

ಮೇ ತಿಂಗಳಲ್ಲಿ
ಬಿಸಿಲೇರುವ ಮೊದಲೇ ಬರಬೇಕು ಚೀಲಗಳು,
ಎಸಳಿಗೆ ಇಬ್ಬನಿ ಅಂಟಿಕೊಂಡಿರುವಾಗಲೇ.
ಗಾಡಿಗಟ್ಟಲೆ ಹೂ ಬೆಂದು ಬೆಂದು
ಕೊನೆಗೆ ನೀರ ಮೇಲೊಂದು ತೆಳುಪದರ,
ಅಷ್ಟೇ.
ಮೇಸ್ತ್ರಿ ಸ್ಟಾಮೆನ್ ಉಸಿರು ಬಿಗಿಹಿಡಿದು ಸೋಸುತ್ತಿದ್ದ.
ಚೆಲ್ಲಿದ ಹನಿಯೊಂದನ್ನು ಕರವಸ್ತ್ರದಲ್ಲಿ ಒರೆಸಿ
ಎದೆಗೆ ಸಿಕ್ಕಿಸಿಕೊಂಡ ಹುಡುಗಿಗೆ
ಆವತ್ತಿನ ಕೂಲಿ ಇಲ್ಲ.
ಹುಡುಗಿ ನಾನೇ.
ಮದುವೆಯ ದಿನದವರೆಗೂ ಆ ವಸ್ತ್ರ ತೊಳೆಯಲಿಲ್ಲ.

ಹೀಗೆ ಹನಿಗೆ ಹೆದರಿ ಬದುಕಿದವಳು
ನಿನ್ನ ನೀಲಗಿರಿಯನ್ನು, ಟೀ ಟ್ರೀಯನ್ನು
ಅಗ್ಗದ್ದು ತಾನೆ ಎಂದು
ಒಗೆಯುವ ನೀರಿಗೆ ಸೋಡಾ ಸುರಿದಂತೆ ಸುರಿದೆ.
ಡಿಸೆಂಬರ್. ಪ್ಲೊವ್ದಿವ್‌ನಲ್ಲಿ ಆರನೇ ಮಹಡಿ.
ಕಿಟಕಿಯ ಸಂದಿಗೆಲ್ಲ ಹಳೇ ಸ್ವೆಟರಿನ ಉಣ್ಣೆ ತುರುಕಿದ್ದೆ.
ಮೊದಲ ರಾತ್ರಿ ಐದು ಹನಿಗೆ
ಇಡೀ ಕಾಡು ಬಂದು ಸೋಫಾದಲ್ಲಿ ಕೂತಿತು.
ಮೂರನೇ ರಾತ್ರಿ ಅದೇ ಐದು,
ಕಾಡೂ ಇಲ್ಲ, ಕಡ್ಡಿಯೂ ಇಲ್ಲ.
ಹತ್ತು ಹಾಕಿದೆ. ಆಮೇಲೆ ಎಣಿಸಲಿಲ್ಲ.
ಬೆಳಗಾಗುವವರೆಗೂ ಉಸಿರಾಡಿತು ಕುಡಿಕೆ.
ಎಣ್ಣೆ ಹಳಸಿದೆ,
ಹುಡುಗಿಗೆ ಯಾರೋ ಟೋಪಿ ಹಾಕಿದ್ದಾರೆ ಅಂದುಕೊಂಡೆ.

ಎದುರು ಮನೆಯ ಗರಬೆದ್
ಹೊಲಿದ ಚಪ್ಪಲಿ ಕೊಡಲು ಬಂದವನು
ಹೊಸ್ತಿಲಲ್ಲೇ ಕೆಮ್ಮಿದ, ಕಣ್ಣೊರೆಸಿಕೊಂಡ:
'ನೆವ್ಯಾನಾ, ಈ ಮನೆಯಲ್ಲಿ ಯಾರಿಗೆ ಕಾಯಿಲೆ?'
ನನಗೇನೂ ವಾಸನೆಯಿಲ್ಲ ಎಂದೆ.
ವಾಸನೆ ಇತ್ತು, ದಿಲ್ಯಾನಾ.
ದಣಿದ ಮೂಗು ಬಾಗಿಲು ಹಾಕಿಕೊಂಡಿತ್ತು.
ಮೂಗಿಗಿಂತ ಮೂಗುತಿ ಭಾರವಾದದ್ದು
ಮೂಗಿಗೇ ತಿಳಿಯಲಿಲ್ಲ.

ಆಗ ನೋಡಿದೆವು ಮಾಟ್ಸಾಳನ್ನು.
ಬೀರುವಿನ ಕೆಳಗೆ, ಜೊಲ್ಲು ಸುರಿಸುತ್ತಾ,
ಎದ್ದರೆ ಕುಡಿದವಳ ಹಾಗೆ ತೂರಾಡುತ್ತಾ.

ಚಪ್ಪಲಿ ತೆಗೆದು ಅದೇ ಡಬ್ಬಿಯಲ್ಲಿ ಬೆಕ್ಕನ್ನಿಟ್ಟು
ಮಂಜಿನಲ್ಲಿ ಓಡಿದ ಗರಬೆದ್,
ಅವನ ಹಿಂದೆ ಒಂದು ಕಾಲಿಗಷ್ಟೇ ಬೂಟು ಹಾಕಿದ ನಾನು.
ಪಶುವೈದ್ಯೆ ನಿನ್ನ ವಯಸ್ಸಿನವಳು.
ಹಬೆಯ ಜೊತೆ ಎಣ್ಣೆಯೂ ತುಪ್ಪಳದ ಮೇಲೆ ಕೂರುತ್ತದಂತೆ,
ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ,
ನೆಕ್ಕಿದ್ದನ್ನು ಅದರ ಯಕೃತ್ತು ಅರಗಿಸಲಾರದಂತೆ.
ಪೆನ್ನು ಹಿಡಿದು ಕೇಳಿದಳು:
ಎಷ್ಟು ಹನಿ?

ತಕ್ಕಡಿಯ ಮುಂದೆ ಇಪ್ಪತ್ತೊಂಬತ್ತು ವರ್ಷ ನಿಂತವಳು
ನೆಲ ನೋಡಿದೆ.

ಮೂರು ದಿನ ಗ್ಲೂಕೋಸಿನಲ್ಲಿದ್ದು
ಮಾಟ್ಸಾ ಬದುಕಿ ಬಂದಳು. ಈಗ
ನನ್ನ ತೊಡೆ ಬಿಟ್ಟು ಚಪ್ಪಲಿ ಡಬ್ಬಿಯಲ್ಲೇ ಮಲಗುತ್ತಾಳೆ.
ಟೀ ಟ್ರೀ, ನೀಲಗಿರಿ, ಪುದೀನ
ನಿನಗೇ ವಾಪಸು ಕಳಿಸೋಣವೆಂದು ಕಟ್ಟಿಟ್ಟೆ.
ಕಟ್ಟಿದ್ದನ್ನು ಬಿಚ್ಚಿದೆ:
ಮಾರ್ಚಿನಲ್ಲಿ ನಿನ್ನ ಮಡಿಲಿಗೊಂದು ಪುಟ್ಟ ಮೂಗು ಬರುತ್ತದಲ್ಲ,
ಅದರ ಕೋಣೆಗೆ ಇವು ಯಾವುವೂ ಬೇಡ.
ಹಾಲಿನ ವಾಸನೆ ಸಾಕು ಅದಕ್ಕೆ.

ಲ್ಯಾವೆಂಡರ್ ಒಂದನ್ನು ಇಟ್ಟುಕೊಂಡಿದ್ದೇನೆ, ಮೇಲಿನ ಕಪಾಟಿನಲ್ಲಿ.
ಗರಬೆದ್ ಇಸ್ಪೀಟಿಗೆ ಬಂದ ಭಾನುವಾರಗಳಲ್ಲಿ
ಬೆಕ್ಕನ್ನು ಅವನ ಮನೆಯಲ್ಲಿ ಬಿಟ್ಟು,
ಕುಡಿಕೆ ತುಂಬ ನೀರಿಗೆ ಮೂರು ಹನಿ, ಗಟ್ಟಿಯಾಗಿ ಎಣಿಸಿ.
ಮೊಟ್ಟೆ ಬೇಯಿಸುವ ಗಡಿಯಾರ ಅರ್ಧ ಗಂಟೆಗೆ ಕಿರುಚುತ್ತದೆ,
ಆರಿಸುತ್ತೇನೆ, ಕುಡಿಕೆ ಒರೆಸುತ್ತೇನೆ,
ಕಿಟಕಿ ತೆರೆದು, ಚಳಿಗೆ ಬೈಯುವ ಗರಬೆದ್‌ಗೆ
ಕೋಟು ಹೊದಿಸುತ್ತೇನೆ.

ನಿನ್ನೆ ಹಾಗೇ ಕಿಟಕಿಯಲ್ಲಿ ನಿಂತಿದ್ದಾಗ
ಕಲ್ಲಿದ್ದಲ ಹೊಗೆ ಬಂತು,
ಕೆಳಮನೆಯವರ ಹುರುಳಿಕಾಯಿ ಸೀದ ವಾಸನೆ,
ಹಸಿ ಹಿಮ,
ಇವನ ತೊಗಲು, ಇವನ ಅಂಟು.
ಎಲ್ಲ ಬಿಡಿಬಿಡಿಯಾಗಿ, ಒಂದೊಂದೇ ಹನಿಯಾಗಿ.

ಸೂಚನೆಯ ಕಾಗದವನ್ನೂ ಓದಿದೆ ಕಣೇ.
ತುಂಬಾ ಸಣ್ಣ ಅಕ್ಷರ.
ಮುಂದಿನ ಸಲ ದೊಡ್ಡದಾಗಿ ನೀನೇ ಬರೆದು ಕಳಿಸು.