ಟಾರಿಗೆ ಬಂದ ಮೇಲೆ ಬಿಚ್ಚು

ಸೋದರಮಾವ ತೇಕಪ್ಪ ಫೌಜಿನಿಂದ ತಂದದ್ದು ಎರಡೇ:
ಒಂದು ಕಪ್ಪು ಟ್ರಂಕು,
ಎರಡು ಬೆರಳಿಲ್ಲದ ಎಡಗೈ.
ಸರಪಳಿ ಇಲ್ಲಿಯದೇ.
ಶಿವಮೊಗ್ಗದಲ್ಲಿ ವೆಲ್ಡರ್ ಖುದ್ದೂಸನ ಶೆಡ್ಡಿನೆದುರು
ಕುಕ್ಕರಗಾಲಲ್ಲಿ ಕೂತು
ಸುಣ್ಣದ ಕಡ್ಡಿಯಲ್ಲಿ ಏಣಿ ಗೀರಿ ಮಾಡಿಸಿದ್ದು.
ಉದ್ದಕ್ಕೆ ಎರಡು, ಅಡ್ಡಕ್ಕೆ ಹನ್ನೊಂದು.
"ಆನೆಗೇನು?" ಅಂತ ಕೇಳಿದನಂತೆ ಖುದ್ದೂಸ.
"ಟೈರಿಗೆ."

ಹಿಮದ ದೇಶದ ವಿದ್ಯೆಯನ್ನು
ಕಟ್ಟಿನಹೊಳೆಯಾಚೆಯ ಕೆಮ್ಮಣ್ಣಿಗೆ ತಂದ ಹಾಗಾಯಿತು.

ನನಗೆ ಹತ್ತೊಂಬತ್ತು. ಸ್ಟೇರಿಂಗಿಗಿಂತ ಮೊದಲು
ಕೈಗೆ ಕೊಟ್ಟದ್ದು ಆ ಗೋಣಿಚೀಲ.
"ಗುತ್ತಿ, ಹಾಸು."
ಹಾಸಿದೆ.
"ಕೊಕ್ಕೆಯ ಬಾಯಿ ಟೈರಿನ ಕಡೆ ನೋಡಬಾರದು. ತಿರುಗಿಸು."
ತಿರುಗಿಸಿದೆ.
ಚಕ್ರದ ಒಳಮೈಯ ಕೊಕ್ಕೆ ಕಣ್ಣಿಗೆ ಸಿಗುವುದಿಲ್ಲ,
ಕೆಸರಲ್ಲಿ ಕೆನ್ನೆಯಿಟ್ಟು ಮಲಗಿ
ಬೆರಳಲ್ಲೇ ಹುಡುಕಬೇಕು,
ಹಸುವಿನ ಹೊಟ್ಟೆಯಲ್ಲಿ ಕರುವಿನ ಕಾಲು ಹುಡುಕಿದ ಹಾಗೆ.
ಆಮೇಲೆ ನೂರು ಮಾರು ಓಡಿಸು, ನಿಲ್ಲಿಸು,
ಮತ್ತೆ ಇಳಿ, ಮತ್ತೆ ಬಿಗಿ.
ಮೊದಲ ಬಿಗಿತ ಯಾವತ್ತೂ ಸುಳ್ಳು.

"ಫೋರ್ ವೀಲ್ ಇದೆಯಲ್ಲ ಮಾವ, ಇದೆಲ್ಲ ಯಾಕೆ?"
"ಫೋರ್ ವೀಲ್ ಇದ್ದರೆ
ಇನ್ನಷ್ಟು ದೂರ ಹೋಗಿ ಸಿಕ್ಕಿಬೀಳ್ತೀಯ, ಅಷ್ಟೆ.
ಬೇಕು ಅನ್ನಿಸೋಕೆ ಮುಂಚೆ ಕಟ್ಟು.
ಟಾರಿಗೆ ಬಂದ ಮೇಲೆ ಬಿಚ್ಚು."

ಇಷ್ಟೇ ಅವನ ಶಾಸ್ತ್ರ. ಮಿಕ್ಕಿದ್ದು ಬೀಡಿ.

ಮಾಘದ ಒಂದು ಬೆಳಿಗ್ಗೆ
ಜೀಪಿನ ಮೂತಿಯೂ ಕಾಣದಷ್ಟು ಮಂಜು.
ಅಂಗಳದಲ್ಲಿ ಸರಪಳಿಗೆ ಹಳೆ ಎಂಜಿನ್ ಆಯಿಲ್ ಸವರುತ್ತಿದ್ದೆವು.
ಕಬ್ಬಿಣ ಕೈ ಕಚ್ಚುತ್ತಿತ್ತು.
ನಾನು ಸುಮ್ಮನೆ ಅಂದೆ, "ಅಲ್ಲಿಯ ಮಂಜೂ ಹೀಗೇನಾ?"
ನಮಗೆ ಎರಡಕ್ಕೂ ಒಂದೇ ಮಾತಲ್ಲವೇ.

ಮೂರು ಬೆರಳಲ್ಲಿ ಕೊಂಡಿ ಎಣಿಸುತ್ತಿದ್ದವನು
ಏಳಕ್ಕೆ ನಿಂತ.
"ಇಲ್ಲಿ ಮಂಜು ಕಣ್ಣಿಗೆ.
ಅಲ್ಲಿ ಕಾಲಿಗೆ."

ಮತ್ತೆ ಸ್ವಲ್ಪ ಹೊತ್ತಿಗೆ, ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾ:
"ಮುಂದಿನ ಗಾಡಿ ದಿಲ್‌ಬಹಾದೂರನದು.
ಸರಪಳಿ ಕಟ್ಟೋಣ ಅಂದ. ನಾನು, ಚಹಾ ಮುಗಿಸಿ ಕಟ್ಟೋಣ ಅಂದೆ.
ಮುಗಿಸಿದ ಮೇಲೆ, ಇನ್ನೊಂದು ತಿರುವು ದಾಟಿ ಅಂದೆ.
ಹಿಮದಲ್ಲಿ ಜಾರೋ ಗಾಡಿ ಸದ್ದು ಮಾಡಲ್ಲ ಗುತ್ತಿ.
ಕೆಸರು ಒಳ್ಳೇದು. ಬೈಯುತ್ತಾದ್ರೂ ಬೈಯುತ್ತೆ."

ಎಂಟು ಅಂದ. ಒಂಬತ್ತು ಅಂದ.
ನಾನು ಆಯಿಲ್ ಡಬ್ಬಿಯ ಮುಚ್ಚಳ ಹುಡುಕಿದೆ,
ಅದು ನನ್ನ ಕೈಯಲ್ಲೇ ಇತ್ತು.

ಈಗ ಜೀಪು ನನ್ನದು.
ಹೋದ ಆರಿದ್ರೆ ಮಳೆಯಲ್ಲಿ ಲೈನ್‌ಮನ್‌ಗಳನ್ನೂ
ಅವರ ಟ್ರಾನ್ಸ್‌ಫಾರ್ಮರನ್ನೂ ಹೇರಿಕೊಂಡು ಹತ್ತಿದೆ.
ಹೊಸ ಗಾಡಿಯ ಹುಬ್ಬಳ್ಳಿ ಹುಡುಗರು ಮೊದಲ ತಿರುವಿನಲ್ಲೇ
ನಾಲ್ಕೂ ಚಕ್ರ ತಿರುಗಿಸುತ್ತಾ ಹೂತುಕೊಂಡಿದ್ದರು,
ನನ್ನ ಟೈರು ನೋಡಿ ನಕ್ಕರು,
ಆಮೇಲೆ ಹಗ್ಗ ಕೇಳಿದರು.
ಕೊಟ್ಟೆ. ಇನ್ನೂ ವಾಪಸು ಬಂದಿಲ್ಲ.

ಇಳಿದು ನಿಟ್ಟೂರಿನ ಟಾರು ಮುಟ್ಟಿದರೆ
ಸರಪಳಿ ಖಣಖಣ ಕೂಗಿ ಊರೆಲ್ಲ ಎಬ್ಬಿಸುತ್ತದೆ.
ತಕ್ಷಣ ನಿಲ್ಲಿಸುತ್ತೇನೆ.
ಮೋರಿಕಟ್ಟೆಯ ಪಕ್ಕ ಮಲಗಿ ಕೊಕ್ಕೆ ತಪ್ಪಿಸಿ
ಚೀಲಕ್ಕೆ ತುಂಬುತ್ತೇನೆ, ಒದ್ದೆ, ಬಿಸಿ, ಮಣ್ಣು ಸಮೇತ.

ಎಂಜಿನ್ ಸದ್ದಿಗೆ ಮಾವ ಚಿಮಣಿ ಹಿಡಿದು ಹೊರಬರುತ್ತಾನೆ.
ಕುಶಲ ಕೇಳುವುದಿಲ್ಲ.
ಬಗ್ಗಿ, ಮೂರು ಬೆರಳಲ್ಲಿ
ಬರಿ ಟೈರನ್ನು ಸುತ್ತಲೂ ಸವರಿ ನೋಡುತ್ತಾನೆ.
"ಎಲ್ಲಿ ಕಟ್ಟಿದೆ?"
"ಹೊಳೆಗೆ ಮೊದಲೇ, ಮಾವ."
"ಚಹಾ?"
"ಕುಡೀಲಿಲ್ಲ."
"ಬಾ, ಹಾಗಾದ್ರೆ. ಇಟ್ಟಿದೀನಿ."