ಖಾನಾವಳಿಯ ಳ

ತಗಡಿನ ಹಿಂಬದಿ ಮೊಳೆಯಿಂದ ಗೀಚಿದ್ದು:
ಪುಣೆ, ೧೯೬೨.
ಮೊದಲು ಸಿಕ್ಕದ್ದು ಅಷ್ಟೇ.

ಸೊಲ್ಲಾಪುರದಲ್ಲಿ ಗಿರಣಿಯ ಎರಡನೇ ಪಾಳಿ ಬಿಟ್ಟಾಗ
ನಡುರಾತ್ರಿ ಕೆಂಪಗೆ ಉರಿಯುತ್ತಿತ್ತಂತೆ
ಗುರುಲಿಂಗ ಖಾನಾವಳಿ.
ಮೀಸೆಗೆ ಹತ್ತಿಯ ಎಳೆ ಅಂಟಿಸಿಕೊಂಡವರು
ಅದರ ಬೆಳಕಲ್ಲೇ ಕೈ ತೊಳೆದು ಕೂತರೆ
ರೊಟ್ಟಿಯೂ ಕೆಂಪು, ಝುಣಕವೂ ಕೆಂಪು.
"ತೆಲುಗು ನೇಕಾರರಿಗೆ ಓದಾಕ ಬರ್ತಿದ್ದಿಲ್ಲ,
ಮರಾಠಿ ಮಂದಿಗಿಲ್ಲ,
ಖರೆ ಹೇಳ್ಬೇಕಂದ್ರ ಮಾಲಕಗೂ ಇಲ್ಲ"
ಅಂದ ಬೀಡಾ ಅಂಗಡಿಯ ದಸ್ತಗೀರಸಾಬ,
ಸುಣ್ಣದ ಬೆರಳು ಒರೆಸಿಕೊಳ್ಳುತ್ತ.
"ಹಸದವಗ ಅಕ್ಷರ ಯಾಕ ಬೇಕ್ರಿ?"

ಗಾಜು ಬಾಗಿಸಿದವನಿಗೂ ಕನ್ನಡ ಬಾರದು.
ಹಾಳೆಯ ಮೇಲೆ ಬರೆದು ಕಳಿಸಿ, ಅಂದಿದ್ದನಂತೆ.
ಉರಿಯಲ್ಲಿ ಕೊಳವೆ ಮೆತ್ತಗಾದಂತೆ
ಗೆರೆ ಹೋದಲ್ಲೆಲ್ಲ ತಾನೂ ಹೋದ.

ಗೆರೆ ಯಾರದು?
ಕೇಳುತ್ತ ಕೇಳುತ್ತ ಅಕ್ಕಲಕೋಟೆ ಮುಟ್ಟಿದೆ.
ನಿಂಬೆವ್ವ, ಮಾಲಕನ ಮಗಳು, ಎಪ್ಪತ್ತು ದಾಟಿದವಳು,
ಫೋಟೊ ದೂರ ಹಿಡಿದು, ಹತ್ತಿರ ಹಿಡಿದು,
ಕೊನೆಯಕ್ಷರಕ್ಕೆ ಬೆರಳಿಟ್ಟು ನಕ್ಕಳು.

"ಮೂರನೇ ಇಯತ್ತೆ ಇದ್ನಿ.
ಳದ ಬಾಲ ಒಳಗ ಸುತ್ತಬೇಕ, ನಾ ಹೊರಗ ಸುತ್ತಾಕಿ.
ಮಾಸ್ತರ ಪಾಟಿ ಮ್ಯಾಲ ತಿದ್ದಿಸಿ ತಿದ್ದಿಸಿ
ಗೆಣ್ಣಿಗೆ ಹೊಡದು ಸಾಕಾಗಿದ್ರು.
ಅಪ್ಪಗೇನ ತಿಳೀತೈತಿ? ಹಾಳಿ ಮಡಚಿ ಟಪಾಲಿಗೆ ಹಾಕಿದ."

ಮೂವತ್ತು ವರ್ಷ ತಪ್ಪು ಉರಿಯಿತು, ಆಳೆತ್ತರ.

"ಮಾಸ್ತರು ನೋಡಲಿಲ್ಲವೇ?"

"ದಿನಾ ಅಲ್ಲೇ ಉಣ್ತಿದ್ರಲ್ಲ.
ಒಂದ ದಿನಾನೂ ತಲಿ ಎತ್ತಲಿಲ್ಲ.
ಉದ್ರಿ ಇತ್ತು."

ಅಂದವಳು ಪರಾತದ ಹಿಟ್ಟಿನಲ್ಲಿ
ಬೆರಳಾಡಿಸಿ ಬರೆದು ತೋರಿಸಿದಳು.
ಬಾಲ ಈಗಲೂ ಹೊರಗೇ ಹೋಯಿತು.