ಮೂರನೇ ಕಿಟಕಿ

ಆ ವರ್ಷ ಸರಕಾರ ಕಡಲಿಗೆ ಬೀಗ ಹಾಕಿತು.
ಕಾಡ್ ಮೀನು ಹಿಡಿಯುವಂತಿಲ್ಲ, ಒಂದನ್ನೂ,
ಮೊಮ್ಮಗನ ಗಾಳಕ್ಕೆ ತಾನಾಗಿ ಬಂದು ಕಚ್ಚಿದರೂ.
ಬದಲಿಗೆ ಓದಿ, ಎಂದಿತು.
ಓದುವವರಿಗೆ ವಾರವಾರ ಚೆಕ್ಕು.

ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕೊಲ್ಲಿಯ ಕಾಲೇಜಿನಲ್ಲಿ
ನಾನು ಮೂರನೇ ಕಿಟಕಿ. ಹೆಸರು ಫಿಲೊಮಿನಾ,
ಅದನ್ನು ಯಾರೂ ಕೇಳುವುದಿಲ್ಲ.
ಕೋರ್ಸುಗಳ ಪಟ್ಟಿ ಟೈಪು ಮಾಡಿದವಳು ನಾನೇ,
ಹಾಗಾಗಿ ಬಾಯಿಪಾಠ,
ಲೆಕ್ಕಪತ್ರದಿಂದ ಹಿಡಿದು
ಯಾರೂ ಸೇರದ ಲ್ಯಾಟಿನ್ನಿನ ತನಕ.

ಆಗಸ್ಟಿನಲ್ಲಿ ಬಂದರು.
ಸಾಲು ನಿಂತು ಗೊತ್ತಿಲ್ಲದವರು,
ದೋಣಿಯೊಳಗೆ ನಿಂತಂತೆ ಕಾಲಗಲಿಸಿ ನಿಂತರು,
ನೆಲ ಅಲ್ಲಾಡದಿರುವುದೇ ತೊಂದರೆ ಎಂಬಂತೆ.

ಅಜರಾಯ ನೋಸ್‌ವರ್ದಿ ಕೇಳಿದ್ದು ಕಡಲ ಜೀವಶಾಸ್ತ್ರ.
ಹೈಸ್ಕೂಲಿನ ರಸಾಯನಶಾಸ್ತ್ರ ಪಾಸಾಗಿರಬೇಕು, ಎಂದೆ.
ಮೊಟ್ಟೆಯಿಡಲು ಮೀನು ಎಲ್ಲಿಗೆ ಹೋಗುತ್ತೆ, ಗೊತ್ತಾ ನಿನಗೆ?
ಗೊತ್ತಿಲ್ಲ, ಎಂದೆ.
ನನಗೆ ಗೊತ್ತು. ಯಾವ ಕಾಲಮ್ಮಿನಲ್ಲಿ ಬರೆಯಲಿ?
ಅಂಥ ಕಾಲಮ್ಮು ಇರಲಿಲ್ಲ.
ವೆಲ್ಡಿಂಗ್ ಎಂದು ಗೀಚಿ ಹೊರಟುಹೋದ,
ಪೆನ್ನನ್ನೂ ಜೇಬಿಗಿಟ್ಟುಕೊಂಡು.

ಲಿಯಾಂಡರ್ ಪೈಕ್ ಮೊದಲ ದಿನ ಕನ್ನಡಕ ಮರೆತು ಬಂದಿದ್ದ.
ಎರಡನೇ ದಿನವೂ ಮರೆತು ಬಂದ.
ಹತ್ತು ವರ್ಷ ಈ ಕಿಟಕಿಗೆ ಮೈಯೊಡ್ಡಿದವಳಿಗೆ
ಮರೆತ ಕನ್ನಡಕ ಏನೆಂದು ಗೊತ್ತು.
ನನ್ನಪ್ಪನೂ ಚರ್ಚಿನಲ್ಲಿ ಸ್ತೋತ್ರದ ಪುಸ್ತಕ ಬಿಚ್ಚಿ ಹಿಡಿಯುತ್ತಿದ್ದ,
ಕಂಠ ಬಿಟ್ಟು ಹಾಡುತ್ತಿದ್ದ,
ಪುಸ್ತಕ ತಲೆಕೆಳಗು.

ನಾನೇ ಓದಿ ಹೇಳುತ್ತೇನೆ ಬಿಡಿ, ಎಂದೆ.
ರೇಡಿಯೋದಲ್ಲಿ ಗಾಳಿಯ ಸುದ್ದಿ ಕೇಳುವವನಂತೆ
ತಲೆ ಓರೆ ಮಾಡಿ ನಿಂತ.
ಸಮಾಜಶಾಸ್ತ್ರ.
ಅಂದರೆ?
ಜನ ಒಟ್ಟಿಗೆ ಹೇಗೆ ಬದುಕುತ್ತಾರೆ ಅಂತ.
ಓ, ಅದಕ್ಕೂ ಪರೀಕ್ಷೆಯೇ.
ತತ್ವಶಾಸ್ತ್ರ, ಗುರುವಾರ ಸಂಜೆ, ಮೂರು ಕ್ರೆಡಿಟ್.
ಯಾರು ಸೇರಿದ್ದಾರೆ?
ಇನ್ನೂ ಯಾರೂ ಇಲ್ಲ.
ಪಾಪ, ಎಂದ, ಯಾರನ್ನು ಕುರಿತೋ.
ನೌಕಾಯಾನ ಎಂದಾಗ ಮಾತ್ರ
ಅವನ ಕಣ್ಣು ನನ್ನ ಹೆಗಲ ಮೇಲಿಂದ ಹಾದು
ಗಾಜಿನಾಚೆಯ ನೀರಿನ ಮೇಲೆ ಕೂತಿತು.
ನಾನೂ ಸುಮ್ಮನಾದೆ.
ಮುಂದೆ, ಎಂದ.

ಕೇಶವಿನ್ಯಾಸ. ಒಂದು ವರ್ಷ. ಕತ್ತರಿ ಕಾಲೇಜಿನದೇ.
ನಿಲ್ಲಿಸು.
ಹಿಂದೆ ಯಾರೋ ಕಿಸಕ್ಕೆಂದರು.
ಅವನು ಎರಡೂ ಕೈಯನ್ನು ಕೌಂಟರಿನ ಮೇಲಿಟ್ಟ,
ಎಡಗೈಯ ಉಂಗುರದ ಬೆರಳು ಅರ್ಧವೇ.
ನಲವತ್ತು ವರ್ಷ ಬಲೆ ಹೆಣೆದದ್ದು ಇವು, ಎಂದ,
ಸಿಕ್ಕು ಬಿಡಿಸುವುದು ಗೊತ್ತು.
ಆಮೇಲೆ ಕಿಟಕಿಯ ತೂತಿಗೆ ಬಾಯಿ ತಂದು,
ನನಗೆ ಮಾತ್ರ:
ಮೀನು ಸೀಳುವ ಕಾರ್ಖಾನೆಯಲ್ಲಿ ಡಲ್ಸಿಯ ಭುಜ ಹೋಯಿತು.
ಕೈ ಮೇಲೆತ್ತಲಾರಳು.
ಎರಡು ವರ್ಷದಿಂದ ಅವಳ ಜಡೆ ನಾನೇ ಹಾಕುವುದು.
ಚೆನ್ನಾಗಿ ಬರ್ತಿಲ್ಲ.

ಸಹಿಯ ಜಾಗದಲ್ಲಿ
ಬರೆಯಲು ಬರುವುದೊಂದನ್ನು ಬರೆದ,
ಪ್ರತಿ ವಸಂತ ದೋಣಿಯ ಮೂತಿಗೆ ಬಳಿಯುತ್ತಿದ್ದ
ಐದಂಕಿಯ ಸಂಖ್ಯೆ.
ಸಾಕು, ಎಂದೆ. ಮೊಹರು ಒತ್ತಿದೆ.
ಪೂರ್ವಾರ್ಹತೆ? ಎಂಬಲ್ಲಿ ನಿಯಮ ಮೀರಿ
ಇದೆ, ಎಂದು ನಾನೇ ತುಂಬಿದೆ.
ಪಟ್ಟಿಯಲ್ಲಿ ಉಳಿದಿದ್ದ ಕೊನೆಯ ಸಾಲನ್ನು
ಫೈಲು ಹುಡುಕುತ್ತಾ, ಗೋಡೆಗೆ ಹೇಳುವಂತೆ ಓದಿದೆ:
ಓದು ಬರಹ, ಮೊದಲಿನಿಂದ. ಮಂಗಳವಾರ ಬೆಳಗ್ಗೆ.
ಹಿಂದಿನ ಬಾಗಿಲಿನಿಂದ ಬರಬಹುದು.
ಅವನು ಟೋಪಿ ಹಾಕಿಕೊಂಡ.

ಫೆಬ್ರವರಿಯಲ್ಲಿ, ಹಿಮಗಾಳಿಗೆ ಅರ್ಧ ತರಗತಿ ರಜೆಯಾದ ದಿನ,
ಪುಕ್ಕಟೆ ಕ್ಷೌರ ಎಂಬ ಚೀಟಿ ನೋಡಿ ಹೋದೆ.
ಅವನ ಕೈ ರೋಸ್‌ಮೇರಿ ಎಣ್ಣೆಯ ವಾಸನೆ ಹೊಡೆಯುತ್ತಿತ್ತು,
ಅದರಡಿಯಲ್ಲಿ ಡಾಂಬರಿನದು.
ಬಾಟಲಿಯನ್ನು ಬೆಳಕಿಗೆ ಹಿಡಿದು
ಶ್ಯಾಂ, ಎಂದ. ತಡೆದ. ಪೂ, ಎಂದ,
ಯಾರೂ ಕೇಳದಿದ್ದರೂ.
ಅಲ್ಲಾಡಬೇಡ.

ಎಡಗಡೆ ಒಂದು ಬೆರಳಷ್ಟು ಗಿಡ್ಡವಾಯಿತು.
ಸರಿಮಾಡಿಸಲಿಲ್ಲ.
ಮಾರ್ಚಿನವರೆಗೂ ಹಾಗೇ ಓಡಾಡಿದೆ.